ಅಜ್ಜನ ಕಾಗದದ ಕಟ್ಟು ಬಿಚ್ಚುವ ಮೊದಲು

ನಮ್ಮ ಕಡೆ ಹಳೆ ಮನೆ ಕೆಡಹುವಾಗ ಅಟ್ಟದಿಂದ ಇಳಿಯುವ ಟ್ರಂಕಿನಲ್ಲಿ ಜಾತಕ, ಗೇಣಿ ಚೀಟಿಗಳ ಜೊತೆ ಕಾಗದದ ಒಂದು ಕಟ್ಟೂ ಇರುತ್ತದೆ. ಮನೆಯ ಹಿರಿಯರು ಪತ್ರಿಕೆಗೆ ಬರೆಯುತ್ತಿದ್ದವರೋ, ಊರ ವಾಚನಾಲಯ ನೋಡಿಕೊಂಡವರೋ ಆಗಿದ್ದರೆ ಅದರಲ್ಲಿ ಸಾಹಿತಿಗಳ, ಸಂಪಾದಕರ ಕಾಗದಗಳೂ ಸಿಗಬಹುದು. ಉಡುಪಿಯ ಕಾಲೇಜೊಂದರ ಲೈಬ್ರರಿಯಲ್ಲಿದ್ದು ನಿವೃತ್ತಳಾದವಳು ನಾನು. ಅಂಥ ಕಟ್ಟು ಹಿಡಿದುಕೊಂಡು ಬಂದವರಿಗೆ ನಾನು ಹೇಳುವ ಮೊದಲ ಮಾತು: ಸದ್ಯ ಬಿಚ್ಚಬೇಡಿ.

ಹಿಂದಿನವರು ಬಂದ ಕಾಗದವನ್ನು ಓದಿ, ಉತ್ತರ ಬರೆದು, ತಂತಿಗೆ ಚುಚ್ಚಿಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿನದು ಮೊದಲು ಬಂದದ್ದು. ತಾರೀಕಿಲ್ಲದ ಕಾರ್ಡಿಗೆ ಆಚೀಚಿನ ಕಾಗದಗಳೇ ಸಾಕ್ಷಿ. ಹಾಗಾಗಿ ಇದ್ದ ಕ್ರಮದಲ್ಲೇ ಒಂದೊಂದಾಗಿ ತೆಗೆದು, ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ನಂಬರು ಹಾಕಿ. ಪೆನ್ನು ಬೇಡ. ಲಕೋಟೆ ಎಸೆಯಬೇಡಿ, ಅದಕ್ಕೂ ಒಳಗಿನ ಕಾಗದದ ನಂಬರೇ ಇರಲಿ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಡಿಸೆಂಬರ್ ಬರಲಿ. ಬೂಸ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಗಾಳಿಗೆ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತಗಿನ ಬ್ರಷ್ಷಿನಿಂದ ಜಗಲಿಯ ಹೊರಗೆ ಕೊಡವಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ, ಅಡಿಗೆ ದಪ್ಪ ಕಾಗದದ ತುಂಡು ತೂರಿಸಿ ನಿಧಾನ ಬಿಡಿಸಿ. ಹರಿದಲ್ಲಿ ಸೆಲ್ಲೋಟೇಪು ಅಂಟಿಸುವುದು, ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ತೂಗುವುದು ಎರಡೂ ಕಾಗದಕ್ಕೆ ಗೆದ್ದಲಿಗಿಂತ ಕಡೆ. ಗೆದ್ದಲು ತಿಂದು ಉಳಿದದ್ದನ್ನಾದರೂ ಓದಬಹುದು.

ಇನ್ನು ತಾರೀಕು. ಇದರಷ್ಟು ರುಚಿಯ ಕೆಲಸ ಇನ್ನೊಂದಿಲ್ಲ. ಮೊದಲು ಅಂಚೆ ಮೊಹರು ನೋಡಿ. ಹಳೆ ಕಾರ್ಡುಗಳಲ್ಲಿ ಹೊರಟ ಊರಿನದೂ ತಲುಪಿದ ಊರಿನದೂ ಎರಡಿರಬಹುದು. ಮೊಹರು ಅಳಿಸಿದ್ದರೆ ವಿಳಾಸ ಓದಿ. ನಮ್ಮ ಜಿಲ್ಲೆ ಮೊದಲು ಮದರಾಸಿಗೆ ಸೇರಿತ್ತು, ಹಾಗಾಗಿ ಊರ ಹೆಸರಿನ ಜೊತೆ 'ಮದರಾಸು' ಎಂದಿದ್ದರೆ ಬಹುತೇಕ 1956ರ ನವೆಂಬರಿಗೂ ಹಿಂದಿನದು. 'ಮೈಸೂರು ರಾಜ್ಯ' ಎಂದಿದ್ದರೆ ಅಲ್ಲಿಂದ 1973ರೊಳಗಿನದು. ಪಿನ್‌ಕೋಡ್ ಕಂಡರೆ 1972ರ ಆಗಸ್ಟಿನ ಈಚೆಗೆ. ಕವಿ ಗೋವಿಂದ ಪೈಗಳು ಮಂಜೇಶ್ವರ ಬಿಟ್ಟು ಹೋಗಲಿಲ್ಲ, ಆದರೆ 1956ರಲ್ಲಿ ಮಂಜೇಶ್ವರವೇ ಕೇರಳಕ್ಕೆ ಹೋಯಿತು. ಅವರ ಹೆಸರಿಗೆ ಬರೆದ ಲಕೋಟೆಯಲ್ಲಿ ಅದೂ ಗೊತ್ತಾಗುತ್ತದೆ. ಶಿವರಾಮ ಕಾರಂತರದ್ದಾದರೆ ಪುತ್ತೂರಿನಿಂದ ಬರೆದದ್ದು ಮೊದಲಿನದು, ಸಾಲಿಗ್ರಾಮದ್ದು ಆಮೇಲಿನದು. 'ಉದಯವಾಣಿ' ಲೆಟರ್‌ಹೆಡ್ಡು 1970ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಸ್ಟಾಂಪಿನಲ್ಲಿ ಆಣೆ ಇದೆಯೋ, 1957ರಲ್ಲಿ ಬಂದ ನಯೇ ಪೈಸೆಯೋ ಅದನ್ನೂ ಗಮನಿಸಿ.

ಕೆಲವರು ಇಸವಿಯನ್ನೇ ಬರೆಯುತ್ತಿರಲಿಲ್ಲ, 'ಶಾರ್ವರಿ ಸಂ॥' ಎಂದಷ್ಟೇ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ 2020ರ ಶಾರ್ವರಿಯಿಂದ ಅರುವತ್ತು ಕಳೆದರೆ 1960-61. ಮಾರ್ಚ್-ಏಪ್ರಿಲಿನ ಕಾಗದವಾದರೆ ಸ್ವಲ್ಪ ಜಾಗ್ರತೆ. ನಮ್ಮಲ್ಲಿ ಸೌರಮಾನ ಲೆಕ್ಕದವರಿಗೆ ಸಂವತ್ಸರ ಬದಲಾಗುವುದು ಏಪ್ರಿಲ್ ನಡುವಿನ ವಿಷುವಿಗೆ, ಘಟ್ಟದ ಮೇಲಿನವರಿಗೆ ಚಾಂದ್ರಮಾನ ಯುಗಾದಿಗೆ. ಊಹಿಸಿದ ತಾರೀಕನ್ನು ಪಟ್ಟಿಯಲ್ಲಿ ಚೌಕ ಕಂಸದೊಳಗೇ ಬರೆಯಿರಿ, ಕಾಗದದ ಮೇಲೆ ಬರೆಯಬೇಡಿ.

ಪಟ್ಟಿಗೆ ಒಂದು ರೂಲ್ಡ್ ಪುಸ್ತಕ ಸಾಕು: ನಂಬರು, ಯಾರಿಂದ, ಯಾರಿಗೆ, ತಾರೀಕು, ಊರು, ವಿಷಯ ಒಂದು ಸಾಲು. ಇನ್ನೊಂದು ಅಂಕಣವನ್ನು ನಾನು ಪಟ್ಟು ಹಿಡಿದು ಹಾಕಿಸುತ್ತೇನೆ, ಕಾಗದದಲ್ಲಿ ಹೆಸರು ಬಂದ ಪುಸ್ತಕಗಳು. ವಾಚನಾಲಯದವರು ಪತ್ರಕರ್ತರೊಬ್ಬರಿಗೆ ಬರೆದ ಕಾರ್ಡೊಂದನ್ನು ಮನೆಯವರು ರದ್ದಿಗೆ ಹಾಕಿದ್ದರು. 'ಉಭಯ ಕುಶಲೋಪರಿ' ಮುಗಿದ ಕೂಡಲೇ, ತಾವು ಒಯ್ದ ಶಾಸನ ಸಂಪುಟ ಇನ್ನೂ ಬಂದಿಲ್ಲ, ಬೇರೆಯವರು ಕೇಳುತ್ತಿದ್ದಾರೆ ಎಂಬ ತಗಾದೆ. ಅಂಚಿನಲ್ಲಿ ಅಡ್ಡಲಾಗಿ, ಬೇರೆ ಶಾಯಿಯಲ್ಲಿ, ಪತ್ರಕರ್ತರದೇ ಅಕ್ಷರ: 'ಲೇಖನ ಮುಗಿಯಲಿ, ಕೊಡುವ.' ಆ ಮನುಷ್ಯ ಯಾವ ಲೇಖನಕ್ಕೆ ಏನು ಓದಿದ್ದರೆಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಸನ್ಮಾನದ ಅಭಿನಂದನೆ ಪತ್ರಗಳು ಕಳೆದರೂ ನನಗೆ ಅಷ್ಟು ಬೇಸರವಿಲ್ಲ. ತಗಾದೆಯ ಕಾರ್ಡು, ಗೌರವಧನ ಬರಲಿಲ್ಲವೆಂಬ ದೂರು, ಪ್ರೂಫ್ ತಿದ್ದುಪಡಿ, ಇವನ್ನು ಬಿಡಬೇಡಿ.

ಫೋಟೋ ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಹಿಂದೆ ಮುಂದೆ ಎರಡೂ ಬದಿ. ಫೈಲಿಗೆ ಅದೇ ಪೆನ್ಸಿಲ್ ನಂಬರು.

ಕಟ್ಟಿನಲ್ಲಿರುವುದು ಅರ್ಧ ಮಾತು. ನಿಮ್ಮ ಅಜ್ಜ ಬರೆದ ಉತ್ತರಗಳು ಎದುರಿನವರ ಮನೆಯಲ್ಲಿರುತ್ತವೆ, ಪಟ್ಟಿ ಹಿಡಿದು ಅವರ ಮಕ್ಕಳನ್ನು ವಿಚಾರಿಸಿ. ಅಚ್ಚು ಹಾಕುವ ಆಸೆಯಿದ್ದರೂ ಅವರನ್ನೇ ಕೇಳಬೇಕು. ಕಾಗದ ನಿಮ್ಮದಾದರೂ ಬರಹದ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೆ ವಾರಸುದಾರರದು. ಬರೆದವರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಈ ಹಕ್ಕಿನ ಅರುವತ್ತು ವರ್ಷದ ಅವಧಿಯ ಲೆಕ್ಕ ಶುರುವಾಗುವುದು ಮೊದಲ ಪ್ರಕಟಣೆಯಿಂದ, ಸಾವಿನಿಂದಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಮನೆಯಲ್ಲಿ ಇಡಲಾಗದಿದ್ದರೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೋ, ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೋ ಕೇಳಿ ನೋಡಿ. ಎಲ್ಲಿಗೆ ಕೊಟ್ಟರೂ ಪಟ್ಟಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ, ಸೀಲು ಹಾಕಿಸಿ ಮನೆಗೆ ತನ್ನಿ.