ವಿಲ್ಸನ್ ಕಾಯಿಲೆ: ಪತ್ತೆಯಾಗುವ ಮೊದಲು ಮತ್ತು ಆಮೇಲೆ

ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಪುಸ್ತಕ ಒಯ್ದವರ ಹೆಸರು, ಒಯ್ದ ದಿನ, ಮರಳಿಸಿದ ದಿನ ಇವನ್ನೆಲ್ಲ ವಹಿಯಲ್ಲಿ ಕೈಯಿಂದ ಬರೆದಿಡುವುದು ನನ್ನ ನಿತ್ಯದ ಕೆಲಸ. 2015ರ ಮಳೆಗಾಲದಲ್ಲಿ, ನನಗೆ 26 ವರ್ಷವಾಗಿದ್ದಾಗ, ಬಲಗೈ ಸಣ್ಣಗೆ ನಡುಗತೊಡಗಿತು. ಅದಕ್ಕೆ ವಿಲ್ಸನ್ ಕಾಯಿಲೆ ಎಂಬ ಹೆಸರು, ಅಂದರೆ ದೇಹದಲ್ಲಿ ತಾಮ್ರ ಕೂಡುತ್ತಾ ಹೋಗುವ ಕಾಯಿಲೆ ಎಂಬ ಉತ್ತರ, ಸಿಕ್ಕಿದ್ದು 2018ರ ಏಪ್ರಿಲ್‌ನಲ್ಲಿ.

ಆ ನಡುವಿನ ಅವಧಿಯಲ್ಲಿ ನಾನು ಕಂಡ ವೈದ್ಯರಲ್ಲಿ ಯಾರೂ ನನ್ನನ್ನು ಕಡೆಗಣಿಸಲಿಲ್ಲ. ಆದರೆ ಪ್ರತಿಯೊಬ್ಬರಿಗೂ ನಾನು ಹೇಳಿದ್ದು ಆ ದಿನದ ತೊಂದರೆಯನ್ನು ಮಾತ್ರ. ಕೈ ನಡುಕಕ್ಕೆ ವಿಟಮಿನ್ ಮಾತ್ರೆ ಬಂತು, ಕತ್ತು ಬಿಗಿದುಕೊಂಡಾಗ ಮೂಳೆ ವೈದ್ಯರ ಬಳಿ ಹೋದೆ. ಕಾರಣವಿಲ್ಲದೆ ಸಿಟ್ಟು, ಅಳು ಬರತೊಡಗಿದ ಮೇಲೆ ಮಾನಸಿಕ ಕಾಯಿಲೆಯ ಮಾತ್ರೆಗಳು ಶುರುವಾದವು, ಅವುಗಳಿಂದ ಮೈಯ ಬಿಗಿತ ಇನ್ನೂ ಹೆಚ್ಚಾಯಿತು. ಮಾತು ತೊದಲತೊಡಗಿದಾಗ ಊರಿನಲ್ಲಿ ಕೆಲವರು ನಾನು ಕುಡಿಯಲು ಕಲಿತಿದ್ದೇನೆಂದು ತಿಳಿದರು. ಒಮ್ಮೆಯೂ ಕುಡಿಯದ ನನಗೆ ನಡುಕಕ್ಕಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು.

ಎಲ್ಲ ವೈದ್ಯರೂ ಕೇಳುತ್ತಿದ್ದ ಮೊದಲ ಪ್ರಶ್ನೆ, ಇದು ಯಾವಾಗಿನಿಂದ ಎಂಬುದು. ಆರು ತಿಂಗಳಿಂದ ಎಂದು ನಾನು ಹೇಳುತ್ತಿದ್ದೆ, ಒಂದು ವರ್ಷ ಕಳೆದ ಮೇಲೂ ಅದೇ ಉತ್ತರ ಬಾಯಿಗೆ ಬರುತ್ತಿತ್ತು. 2018ರ ಆರಂಭದಲ್ಲಿ ಒಂದು ಸಂಜೆ ಹಳೆಯ ವಹಿಗಳನ್ನು ಕಪಾಟಿಗೆ ಸೇರಿಸುತ್ತಿದ್ದಾಗ ನನ್ನದೇ ಅಕ್ಷರ ನನ್ನ ಕಣ್ಣಿಗೆ ಬಿತ್ತು. 2015ರ ಮೇ ತಿಂಗಳ ಪುಟದಲ್ಲಿ ಅಕ್ಷರ ಎರಡು ಗೆರೆಗಳ ನಡುವಿನ ಜಾಗವನ್ನು ತುಂಬಿಕೊಂಡು, ಒತ್ತಕ್ಷರಗಳು ಕೆಳಗಿನ ಗೆರೆಯನ್ನು ಮುಟ್ಟುತ್ತಿದ್ದವು. 2016ರ ದೀಪಾವಳಿಯ ಹೊತ್ತಿಗೆ ಅಕ್ಷರದ ಗಾತ್ರ ಅರ್ಧಕ್ಕೆ ಇಳಿದಿತ್ತು. 2017ರ ಕೊನೆಯಲ್ಲಿ ಒತ್ತುಗಳು ಮೇಲಿನ ಅಕ್ಷರಕ್ಕೇ ಅಂಟಿಕೊಂಡು, ಮಲ್ಲಿಕಾರ್ಜುನ ಎಂಬ ಹೆಸರು ಒಂದು ಸಾಲು ಇರುವೆಗಳಂತೆ ಕಾಣುತ್ತಿತ್ತು. ಪ್ರತಿ ಪುಟದಲ್ಲೂ ದಿನಾಂಕವಿತ್ತು. ಅಂದು ನಾನು ಹನ್ನೊಂದು ಪುಟಗಳ ಚಿತ್ರ ತೆಗೆದುಕೊಂಡೆ.

ಆಮೇಲೆ ಒಂದು ಹಾಳೆಯಲ್ಲಿ, ಹುಟ್ಟಿದಾಗಿನಿಂದ ನನ್ನ ದೇಹಕ್ಕೆ ಆದದ್ದನ್ನೆಲ್ಲ ವರ್ಷದ ಕ್ರಮದಲ್ಲಿ ಬರೆಯಲು ಕುಳಿತೆ. ಅವ್ವನನ್ನು ಕೇಳಿದಾಗ, ಏಳನೆಯ ತರಗತಿಯಲ್ಲಿ ನನಗೆ ಕಾಮಾಲೆ ಆಗಿತ್ತೆಂದೂ, ನಾಟಿ ಔಷಧ ಕೊಡಿಸಿದ್ದರೆಂದೂ, ಕಣ್ಣಿನ ಹಳದಿ ಇಳಿಯಲು ಎರಡು ತಿಂಗಳು ಬೇಕಾಯಿತೆಂದೂ ನೆನಪಿಸಿಕೊಂಡಳು. ಅದಕ್ಕೂ ಕೈ ನಡುಕಕ್ಕೂ ಸಂಬಂಧವಿರಬಹುದೆಂದು ನಮಗೆ ಹೊಳೆದಿರಲೇ ಇಲ್ಲ. ಅವ್ವ ಮದುವೆಯಾದದ್ದು ತನ್ನ ಸೋದರಮಾವನನ್ನು ಎಂಬುದನ್ನೂ ಬರೆದೆ. ನಮ್ಮ ಕಡೆ ಅದು ಸಾಮಾನ್ಯವಾದ್ದರಿಂದ ಅಲ್ಲಿಯವರೆಗೆ ಯಾವ ವೈದ್ಯರಿಗೂ ಹೇಳಿರಲಿಲ್ಲ.

ಆ ಹಾಳೆ ಮತ್ತು ಚಿತ್ರಗಳೊಂದಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ಹೊರರೋಗಿ ವಿಭಾಗದಲ್ಲಿ ನನ್ನನ್ನು ನೋಡಿದ ವೈದ್ಯೆ ಹಾಳೆಯನ್ನು ಎರಡು ಬಾರಿ ಓದಿ, ಕಾಮಾಲೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಎಷ್ಟು ದಿನ ಇತ್ತು?" ಎಂದು ಕೇಳಿದರು. ಆಮೇಲೆ ಕಣ್ಣಿನ ಪರೀಕ್ಷೆಗೆ ಕಳಿಸಿದರು. ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಬೆಳಕಿನಲ್ಲಿ, ಕಣ್ಣಿನ ಪಾರದರ್ಶಕ ಪಟಲದ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಕಂಡಿತು. ಅದು ಅಲ್ಲಿ ಕೂಡಿಕೊಂಡ ತಾಮ್ರ. ಕೈಸರ್ ಮತ್ತು ಫ್ಲೈಷರ್ ಎಂಬ ಜರ್ಮನ್ ವೈದ್ಯರು 1902 ಮತ್ತು 1903ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರಿದೆ. ನಮ್ಮಂಥ ಕಪ್ಪು ಕಣ್ಣಿನವರಲ್ಲಿ ಈ ಉಂಗುರ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ನಾನು ದಿನವೂ ಕನ್ನಡಿ ನೋಡುತ್ತಿದ್ದೆ.

ನಾವು ತಿನ್ನುವ ಆಹಾರದಲ್ಲಿ ಅಲ್ಪಸ್ವಲ್ಪ ತಾಮ್ರ ಇದ್ದೇ ಇರುತ್ತದೆ, ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಎಟಿಪಿ7ಬಿ ಎಂಬ ಜೀನ್ ತಂದೆ ತಾಯಿ ಇಬ್ಬರಿಂದಲೂ ದೋಷದೊಂದಿಗೆ ಬಂದರೆ ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೆದುಳಿನಲ್ಲಿ ಸೇರುತ್ತಾ ಹೋಗುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಯೆಂದು ಹೇಳುತ್ತಾರೆ, ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಸಂಭವ ಹೆಚ್ಚು. ನನ್ನ ರಕ್ತದಲ್ಲಿ ತಾಮ್ರವನ್ನು ಹೊತ್ತು ಸಾಗುವ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನು ಡೆಸಿಲೀಟರಿಗೆ 20 ಮಿಲಿಗ್ರಾಂ ಮೇಲಿರಬೇಕಾದಲ್ಲಿ 6 ಮಿಲಿಗ್ರಾಂ ಇತ್ತು.

ಒಂದು ದಿನದಲ್ಲಿ ಎಷ್ಟು ತಾಮ್ರ ಹೊರಹೋಗುತ್ತದೆಂದು ಅಳೆಯುವ 24 ಗಂಟೆಯ ಮೂತ್ರ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊದಲ ಸಲ ನಾನು ಅದನ್ನು ಕೆಡಿಸಿದೆ. ಬೆಳಿಗ್ಗೆ ಆರು ಗಂಟೆಯ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಿಗ್ಗೆ ಆರರ ಮೂತ್ರದವರೆಗೆ ಪ್ರತಿಯೊಂದನ್ನೂ ಆಸ್ಪತ್ರೆಯವರೇ ಕೊಟ್ಟ, ಲೋಹದ ಅಂಶವಿಲ್ಲದಂತೆ ತೊಳೆದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಸೇರಿಸಬೇಕು. ನಾನು ಮಧ್ಯಾಹ್ನ ಒಮ್ಮೆ ಮರೆತು ಹೊರಗೆ ಹೋಗಿ ಬಂದಿದ್ದೆ. ಒಂದು ಸಲದ್ದು ತಪ್ಪಿದರೂ ಲೆಕ್ಕ ತಪ್ಪುವುದರಿಂದ ಮತ್ತೊಂದು ದಿನ ಲಾಡ್ಜಿನಲ್ಲಿ ಉಳಿದು, ಕೋಣೆ ಬಿಟ್ಟು ಕದಲದೆ ಸಂಗ್ರಹಿಸಿದೆ. ಬಂದ ಫಲಿತಾಂಶ 286 ಮೈಕ್ರೋಗ್ರಾಂ ತಾಮ್ರ. 100 ದಾಟಿದರೇ ಅನುಮಾನ ಬಲವಾಗುತ್ತದೆ.

ಕಾಯಿಲೆಯ ಹೆಸರು ತಿಳಿದ ದಿನ ನನಗೆ ಭಯಕ್ಕಿಂತ ಹೆಚ್ಚಾಗಿ ನಿರಾಳವೆನಿಸಿತು. 1912ರಲ್ಲಿ ವಿಲ್ಸನ್ ಎಂಬ ನರರೋಗ ವೈದ್ಯರು ಇದನ್ನು ವಿವರಿಸಿದಾಗ ಇದಕ್ಕೆ ಮದ್ದೇ ಇರಲಿಲ್ಲ. 1956ರಲ್ಲಿ ಜಾನ್ ವಾಲ್ಶ್ ಬಳಕೆಗೆ ತಂದ ಪೆನಿಸಿಲಮಿನ್ ಈಗ ನನ್ನ ಮಾತ್ರೆ. ಅದು ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಬರಿಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು, ಜೊತೆಗೆ ವಿಟಮಿನ್ ಬಿ6. ಮೊದಲ ಎರಡು ತಿಂಗಳು ನನ್ನ ಮಾತು ಇನ್ನಷ್ಟು ಕೆಟ್ಟಿತು. ಕೆಲವರಿಗೆ ಹಾಗಾಗುವುದುಂಟು ಎಂದು ವೈದ್ಯೆ ಮೊದಲೇ ತಿಳಿಸಿ, ಕಡಿಮೆ ಪ್ರಮಾಣದಿಂದ ಶುರುಮಾಡಿದ್ದರು. ಅವರು ಹೇಳಿರದಿದ್ದರೆ ನಾನು ಅಲ್ಲಿಗೇ ಮಾತ್ರೆ ಬಿಟ್ಟುಬಿಡುತ್ತಿದ್ದೆ, ಮತ್ತು ಈ ಕಾಯಿಲೆಯಲ್ಲಿ ಮಾತ್ರೆ ಬಿಡುವುದರಷ್ಟು ಅಪಾಯ ಬೇರೊಂದಿಲ್ಲ. ನಮ್ಮ ತಾಲ್ಲೂಕಿನ ಔಷಧ ಅಂಗಡಿಗಳಲ್ಲಿ ಅದು ಸಿಗದ ಕಾರಣ ಯಾವಾಗಲೂ ಎರಡು ತಿಂಗಳಿಗಾಗುವಷ್ಟು ಮುಂಚಿತವಾಗಿ ತರಿಸಿಡುತ್ತೇನೆ.

ಅಡುಗೆಮನೆಯಲ್ಲಿಯೂ ಬದಲಾವಣೆ ಬೇಕಾಯಿತು. ನಾನು ಸೊರಗುತ್ತಿದ್ದುದನ್ನು ಕಂಡು ಅವ್ವ ಮೂರು ವರ್ಷ ಪ್ರತಿ ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಕುಡಿಸುತ್ತಿದ್ದಳು. ಕಾಯಿಲೆ ಬಂದದ್ದು ಅದರಿಂದಲ್ಲ ಎಂದು ವೈದ್ಯೆ ಅವಳಿಗೆ ಬಿಡಿಸಿ ಹೇಳಿದರೂ, ಊರಿಗೆ ಮರಳಿದ ದಿನವೇ ಅವಳು ಆ ತಂಬಿಗೆಯನ್ನು ಅಟ್ಟದ ಮೇಲಿಟ್ಟಳು, ಮತ್ತೆ ಇಳಿಸಿಲ್ಲ. ಯಕೃತ್ತಿನ ಮಾಂಸ, ಏಡಿ, ಗೋಡಂಬಿ, ಅಣಬೆ, ಚಾಕೊಲೇಟ್ ಇವನ್ನು ಬಿಟ್ಟಿದ್ದೇನೆ. ಶೇಂಗಾ ಚಟ್ನಿಯನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು.

ರೋಗಿಯ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಈ ಕಾಯಿಲೆ ಇರುವ ಸಂಭವ ನಾಲ್ಕರಲ್ಲಿ ಒಂದು. ತಂಗಿಯ ಪರೀಕ್ಷೆಯ ಮಾತೆತ್ತಿದಾಗ ಅವ್ವ, "ತಮ್ಮಾ, ಅಕಿ ಮದುವಿ ಆಗೂ ತನಕ ಈ ಸುದ್ದಿ ಎತ್ತಬ್ಯಾಡಪ್ಪ" ಎಂದು ಅತ್ತಳು. ಅವಳ ಅಂಜಿಕೆ ನನಗೆ ಅರ್ಥವಾಗುತ್ತಿತ್ತು, ಆದರೂ ನಾನು ಒಪ್ಪಲಿಲ್ಲ. ತಂಗಿ ತಾನೇ ನನ್ನ ಜೊತೆ ಬೆಂಗಳೂರಿನ ಬಸ್ಸು ಹತ್ತಿದಳು. ಅವಳಿಗೂ ಕಾಯಿಲೆ ಇತ್ತು, ಲಕ್ಷಣಗಳು ಮಾತ್ರ ಇನ್ನೂ ಕಾಣಿಸಿಕೊಂಡಿರಲಿಲ್ಲ. ಕರುಳು ತಾಮ್ರವನ್ನು ಹೀರದಂತೆ ತಡೆಯುವ ಸತುವಿನ ಮಾತ್ರೆಯನ್ನು ಅಂದಿನಿಂದ ತೆಗೆದುಕೊಳ್ಳುತ್ತಿದ್ದಾಳೆ. ಸೋದರತ್ತೆಯ ಮಗನೊಂದಿಗೆ ಆಗಬೇಕಿದ್ದ ಸಂಬಂಧವನ್ನು ಎರಡೂ ಮನೆಯವರು ಕೂತು ಮಾತಾಡಿ ಕೈಬಿಟ್ಟರು. ಆಮೇಲೆ ಹೊರಗಿನಿಂದ ಬಂದ ಸಂಬಂಧದವರಿಗೆ ಅವಳೇ ಎಲ್ಲವನ್ನೂ ಹೇಳಿ ಮದುವೆಯಾದಳು. ಅವಳ ಅಕ್ಷರ ಒಮ್ಮೆಯೂ ಕುಗ್ಗಿಲ್ಲ. ಪ್ರತಿ ವರ್ಷ ತಪಾಸಣೆಗೆ ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ, ಎರಡೂ ಕ್ಯಾನುಗಳ ಮೇಲೆ ಹೆಸರು, ದಿನಾಂಕ ಮತ್ತು ಆರಂಭದ ಸಮಯವನ್ನು ಬರೆಯುವ ಕೆಲಸ ನನ್ನದು.