ಆಷಾಢದಲ್ಲಿ ಮನೆ ನೋಡಿ, ಕಾಗದ ಮಾಡಿಸಿಯೇ ಅಡ್ವಾನ್ಸ್ ಕೊಡಿ

ಹಾಸನದಲ್ಲಿ ಬಾಡಿಗೆ ಮನೆ ಬೇಕಿದ್ದರೆ ಆಷಾಢದಲ್ಲಿ ಹುಡುಕಿ. ಆ ತಿಂಗಳು ಯಾರೂ ಹಾಲು ಉಕ್ಕಿಸುವುದಿಲ್ಲ, ಹಾಗಾಗಿ ಮನೆ ಖಾಲಿ ಬಿದ್ದಿರುವ ಓನರ್ ಸ್ವಲ್ಪ ಮೆತ್ತಗಿರುತ್ತಾರೆ, ಐನೂರೋ ಸಾವಿರವೋ ಬಿಡಿ ಎಂದರೆ ಕಿವಿಗೆ ಹಾಕಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ, ಮಳೆ ಹಿಡಿದಿರುತ್ತದೆ. ಏಪ್ರಿಲ್‌ನಲ್ಲಿ ಹೊಸ ಬಣ್ಣ ಬಳಿದುಕೊಂಡು ಚೆನ್ನಾಗಿ ಕಂಡ ಗೋಡೆ ನಿಜವಾಗಿ ಹೇಗಿದೆ ಅಂತ ಆಗಲೇ ಗೊತ್ತಾಗುವುದು. ಬೀರು ಇಡುವ ಮೂಲೆಯಲ್ಲಿ ಅಂಗೈ ಒತ್ತಿ ನೋಡಿ. ತಣ್ಣಗೆ ಒದ್ದೆ ಹತ್ತಿದರೆ ಆ ಮನೆ ಬೇಡ, ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು ಬಿಡುವುದಿಲ್ಲ. ಮನೆ ಒಪ್ಪಿಗೆಯಾದರೆ ಈಗ ಮಾತಾಡಿಕೊಂಡು ಶ್ರಾವಣಕ್ಕೆ ಹೋದರಾಯ್ತು.

ಬಾಡಿಗೆ ಎಷ್ಟು ನ್ಯಾಯ ಅಂತ ತಿಳಿಯಲು ಬ್ರೋಕರ್ ಮಾತು ಸಾಲದು. ಅದೇ ಬೀದಿಯಲ್ಲಿ ಇನ್ನೆರಡು ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿ, ಮೂಲೆ ಅಂಗಡಿಯವರನ್ನು ಕೇಳಿ. ಕಾಲೇಜುಗಳಿರುವ ಸಾಲಗಾಮೆ ರಸ್ತೆಯಂಥ ಕಡೆ ಹುಡುಗರಿಗೆ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ ಮನೆ ಕೊಡುತ್ತಾರೆ, ಅದೇ ರೇಟು ಸಂಸಾರದವರಿಗೂ ಬೀಳುತ್ತದೆ. ನಾಲ್ಕು ಬೀದಿ ಒಳಗೆ ಹೋದರೆ ಅದೇ ಅಳತೆಯ ಮನೆ ಕಡಿಮೆಗೆ ಸಿಗಬಹುದು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಲ್ಲರಿಗೂ ಒಂದೇನಾ, ಮೋಟರ್ ಯಾರ ಮೀಟರಿಗೆ ಸೇರಿದೆ, ಇದನ್ನೆಲ್ಲ ಓನರ್ ಬದಲು ಪಕ್ಕದ ಮನೆಯ ಬಾಡಿಗೆಯವರನ್ನು ಕೇಳಿ.

ಈಗ ಕಾಗದದ ವಿಷಯ. 'ನಮ್ಮೂರಲ್ಲಿ ಎಲ್ಲಾ ಬಾಯಿಮಾತಲ್ಲೇ ನಡೆಯುತ್ತೆ ಕಣಮ್ಮ' ಅಂತಾರೆ ಅಲ್ವಾ? ನಾನೂ ಹಾಗೇ ನಂಬಿದ್ದೆ. ನಾಲ್ಕು ವರ್ಷ ಇದ್ದ ಮನೆ ಬಿಡುವ ದಿನ ಓನರ್ ಗೋಡೆಯ ಮುಂದೆ ನಿಂತು ಒಂದೊಂದೇ ಮೊಳೆ ತೂತು ಎಣಿಸಿದರು. ಹನ್ನೊಂದು ತೂತು. ಅದರಲ್ಲಿ ಐದು ನಾವು ಬರುವುದಕ್ಕೆ ಮೊದಲೇ ಇದ್ದವು, ದೇವರ ಫೋಟೊ, ಕ್ಯಾಲೆಂಡರ್ ಎಲ್ಲಾ ಹಳೇ ಮೊಳೆಗಳಿಗೇ ಹಾಕಿದ್ದೆವು. ತೋರಿಸಲು ನನ್ನ ಹತ್ತಿರ ಒಂದು ಫೋಟೊ ಇರಲಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ತೂತಿಗೆ ಬೇರೆ, ಕ್ಲೀನಿಂಗಿಗೆ ಬೇರೆ ಅಂತ ಮುರಿದುಕೊಂಡು ಅರ್ಧ ಅಡ್ವಾನ್ಸ್ ವಾಪಸ್ ಕೊಟ್ಟರು. ಆ ದುಡ್ಡು ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದು.

ಆದ್ದರಿಂದ ಹೇಳುತ್ತೇನೆ, ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆ, ಸ್ವಿಚ್ ಬೋರ್ಡು, ನಲ್ಲಿ, ಬಚ್ಚಲಿನ ಟೈಲ್ಸು, ಮೀಟರ್ ರೀಡಿಂಗು ಎಲ್ಲದರ ಫೋಟೊ ತೆಗೆದು ಓನರ್‌ಗೆ ಆವತ್ತೇ ವಾಟ್ಸಾಪ್ ಮಾಡಿ. ಕಾನೂನೂ ನಿಮ್ಮ ಕಡೆಗಿದೆ: ಸಾಮಾನ್ಯ ಬಳಕೆಯಿಂದ ಆಗುವ ಸವಕಳಿಗೆ ಬಾಡಿಗೆದಾರ ಜವಾಬ್ದಾರನಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ.

ಕರ್ನಾಟಕಕ್ಕೆ ಪ್ರತ್ಯೇಕ ಬಾಡಿಗೆ ಕಾಯ್ದೆ ಇದೆ, 1999ರದ್ದು, ಜಾರಿಗೆ ಬಂದಿದ್ದು 2001ರ ಡಿಸೆಂಬರ್ 31ಕ್ಕೆ. ಆದರೆ ತಿಂಗಳ ಬಾಡಿಗೆ ಊರಿನ ಪ್ರಕಾರ 2,000 ಅಥವಾ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಎಷ್ಟು ಮನೆ ಸಿಗುತ್ತವೆ ಹೇಳಿ. ಉಳಿದವರಿಗೆಲ್ಲ ಆ 1882ರ ಕಾಯ್ದೆ, ಜೊತೆಗೆ ನೀವು ಸಹಿ ಹಾಕಿದ ಕರಾರು, ಅಷ್ಟೇ ಗತಿ. ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿತು, ಆದರೆ ರಾಜ್ಯ ತನ್ನದೇ ಕಾನೂನು ಮಾಡದ ಹೊರತು ಅದು ಬರೀ ಮಾದರಿ. ಆದರೂ ಚೌಕಾಸಿ ಮಾಡುವಾಗ ಆ ಮಾತು ಎತ್ತಿ, ತಪ್ಪೇನಿಲ್ಲ.

ಕರಾರು 11 ತಿಂಗಳಿಗೆ ಯಾಕೆ ಮಾಡುತ್ತಾರೆ ಅಂದರೆ, ಒಂದು ವರ್ಷ ದಾಟಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳದ್ದಾದರೂ ಇ-ಸ್ಟಾಂಪ್ ಇರಲಿ. ಟೈಪ್ ಮಾಡುವವರ ಹತ್ತಿರ ಸಿದ್ಧ ನಮೂನೆ ಇರುತ್ತದೆ, ಅದಕ್ಕೆ ಸುಮ್ನೆ ಸಹಿ ಹಾಕಬೇಡಿ. ಅಡ್ವಾನ್ಸ್ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್ ಯಾರದು, ವರ್ಷಕ್ಕೆ ನೂರಕ್ಕೆ ಎಷ್ಟು ಏರಿಸಬಹುದು, ಇಬ್ಬರೂ ಎಷ್ಟು ತಿಂಗಳ ನೋಟಿಸ್ ಕೊಡಬೇಕು, ಇಷ್ಟನ್ನು ಅಂಕಿಯಲ್ಲೇ ಬರೆಸಿ. ಮೀಟರಿನ ಆರ್.ಆರ್. ನಂಬರನ್ನೂ, ಅಂದರೆ ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆಯನ್ನೂ ಸೇರಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು, ಹಿಂದಿನವರದ್ದು ತೆಗೆಸಬೇಕು. ಕರೆಂಟ್ ಕಂಪನಿ ನಮಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಬಾಡಿಗೆಯನ್ನು ಬ್ಯಾಂಕಿನಿಂದಲೋ ಯುಪಿಐನಿಂದಲೋ ಕಳಿಸಿ. ಕೈಯಲ್ಲೇ ಬೇಕು ಅಂದರೆ ರಸೀದಿ ಕೇಳಿ, ನಾಚಿಕೊಳ್ಳಬೇಡಿ.

ಭೋಗ್ಯಕ್ಕೆ ಹೋಗುವವರು ದಯವಿಟ್ಟು ಇನ್ನೂ ಹುಷಾರಾಗಿರಿ. ನಾಲ್ಕೈದು ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಕೇಳಲು ಚೆನ್ನಾಗಿದೆ. ಆದರೆ ಅದೇ ಮನೆ ಬ್ಯಾಂಕಿನಲ್ಲಿ ಅಡಮಾನ ಇದ್ದು, ಓನರ್ ಕಂತು ಕಟ್ಟದೆ ಹರಾಜಿಗೆ ಬಂದರೆ ನೋಂದಣಿಯಾಗದ ಕಾಗದ ಹಿಡಿದು ನಿಮ್ಮ ದುಡ್ಡಿಗಾಗಿ ವರ್ಷಗಟ್ಟಲೆ ಅಲೆಯಬೇಕು. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆ ಮನೆಯ ಇ.ಸಿ. (ಋಣಭಾರ ಪತ್ರ) ತೆಗೆಸಿ, ಖಾತೆ ಯಾರ ಹೆಸರಿಗಿದೆ ನೋಡಿ, ಸಾಲ ಇದೆಯಾ ಅಂತ ನೇರವಾಗಿ ಕೇಳಿ, ಭೋಗ್ಯ ಪತ್ರವನ್ನು ನೋಂದಾಯಿಸಿ. ನೋಂದಣಿ ಬೇಡ, ಸುಮ್ನೆ ಖರ್ಚು ಅನ್ನುವ ಓನರ್ ಆದರೆ ಆ ಮನೆ ಬಿಟ್ಟುಬಿಡಿ.

ಜಗಳವಾಗಿ ಓನರ್ ಬೀಗ ಜಡಿದರೆ? ನ್ಯಾಯಾಲಯದ ಆದೇಶವಿಲ್ಲದೆ ಹಾಗೆ ಹೊರಹಾಕುವಂತಿಲ್ಲ. ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ವಾಪಸ್ ಕೇಳಬಹುದು. ವಕೀಲರ ಫೀಸಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಬಾಗಿಲಲ್ಲೇ ನಿಲ್ಲಿಸುತ್ತದೆ: 'ನೀವು ಯಾವ ಜನ?' ಬಾಡಿಗೆ ಕೊಡುವ ಶಕ್ತಿ ಇದ್ದರೂ ಈ ಪ್ರಶ್ನೆಗೆ ಮನೆ ಕಳೆದುಕೊಂಡವರು ನನ್ನ ಬಳಗದಲ್ಲೇ ಇದ್ದಾರೆ. ಸರ್ಕಾರವೇ ಕಟ್ಟಿಸಿದ ಮನೆಗಳು ಊರಲ್ಲಿ ಸಾಕಷ್ಟಿರಬೇಕು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಹಾಗೆ ಮನೆಗಳಿದ್ದರೆ ಖಾಸಗಿ ಓನರ್ ಕೂಡ ಬಾಯಿಗೆ ಬಂದ ಬಾಡಿಗೆ ಹೇಳಲಾಗುವುದಿಲ್ಲ. ವಿಯೆನ್ನಾ ನಗರದಲ್ಲಿ 1920ರ ದಶಕದಿಂದ ನಗರಾಡಳಿತವೇ ಮನೆ ಕಟ್ಟಿಸುತ್ತಾ ಬಂತು, ಇವತ್ತು ಆ ಊರಿನ ಸುಮಾರು ಅರ್ಧ ಜನ ನಗರಾಡಳಿತದ ಅಥವಾ ಸರ್ಕಾರದ ಸಹಾಯಧನದ ಮನೆಯಲ್ಲಿದ್ದಾರೆ.

ನಮ್ಮಮ್ಮ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿದ್ದರು. ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ. ತೋಟದ ಕೆಲಸಗಾರರಿಗೆ ಮಾಲೀಕರೇ ವಸತಿ ಕೊಡಬೇಕು ಅಂತ 1951ರ ಕಾಯ್ದೆ ಹೇಳಿತ್ತು, ಆದರೆ ಕೆಲಸ ಇದ್ದಷ್ಟು ದಿನ ಮಾತ್ರ. ಮೂವತ್ತು ವರ್ಷ ಹಣ್ಣು ಕುಯ್ದ ಕೈ ನಿಂತ ದಿನ ಮನೆಯೂ ಹೋಯಿತು. ಆಗ ಅಮ್ಮನ ಹತ್ತಿರ ಆ ಊರಿನಲ್ಲಿ ಇದ್ದರು ಅಂತ ತೋರಿಸಲು ರೇಷನ್ ಕಾರ್ಡ್ ಕೂಡ ಇರಲಿಲ್ಲ. ತೋಟದಲ್ಲಿರುವವರೇ, ಕೈಕಾಲು ಗಟ್ಟಿ ಇರುವಾಗಲೇ ಪಂಚಾಯಿತಿಗೆ ಹೋಗಿ.

ಹಳ್ಳಿಯವರಾದರೆ ದಾರಿ ಗ್ರಾಮ ಸಭೆ. ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ, ಎರಡೂ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಸಭೆಗೆ ಖುದ್ದು ಹೋಗಿ, ಹೆಸರು ಓದುವಾಗ ನಿಮ್ಮದಿದೆಯಾ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ಸರ್ಕಾರಿ ಜಾಗದಲ್ಲಿ ಮೊದಲಿನಿಂದ ಮನೆ ಕಟ್ಟಿಕೊಂಡಿದ್ದರೆ ಭೂಕಂದಾಯ ಕಾಯ್ದೆಯ ಕಲಂ 94ಸಿ, ಪಟ್ಟಣದಲ್ಲಾದರೆ 94ಸಿಸಿ ಅಡಿ ಹಕ್ಕುಪತ್ರಕ್ಕೆ ಅವಕಾಶವಿದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಪಟ್ಟಣದವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಗರ ಆವಾಸ್ ಯೋಜನೆ 2.0 ಇದೆ. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು. ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಒಂದು ವರ್ಗ, 6 ಲಕ್ಷದವರೆಗೆ ಇನ್ನೊಂದು, 9 ಲಕ್ಷದವರೆಗೆ ಮತ್ತೊಂದು. ಇದರಲ್ಲಿ ಬಾಡಿಗೆ ಮನೆ ಕಟ್ಟಿಸುವ ಭಾಗವೂ ಇದೆ, ಕೆಲಸಕ್ಕೆ ಬಂದವರಿಗೆ, ವಿದ್ಯಾರ್ಥಿಗಳಿಗೆ ಅಂತಲೇ. ನಮ್ಮ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಹುಡುಗಿಯರು ಒಂದೇ ರೂಮಿನಲ್ಲಿ ಐದಾರು ಜನ ಇರುವುದನ್ನು ನೋಡಿದ್ದೀರಲ್ಲ, ಅವರಿಗಾಗಿ ಇದನ್ನು ನಗರಾಡಳಿತದಲ್ಲಿ ಕೇಳಿ, ಒಬ್ಬರೇ ಹೋಗಬೇಡಿ, ಬೀದಿಯವರೆಲ್ಲ ಸೇರಿ ಲಿಖಿತವಾಗಿ ಕೊಡಿ.

ಅರ್ಜಿಗೆ ಮೊದಲು ನಾಡಕಚೇರಿಯಿಂದ ಜಾತಿ ಆದಾಯ ಪತ್ರ ಮಾಡಿಸಿ, ಮನೆಯವರೆಲ್ಲರ ಆಧಾರಿನಲ್ಲಿ ಹೆಸರಿನ ಅಕ್ಷರ ಒಂದೇ ಥರ ಇದೆಯಾ ನೋಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಸಾಧ್ಯವಾದರೆ ಮನೆಯ ಹೆಂಗಸಿನ ಹೆಸರಲ್ಲೇ ಹಾಕಿ. ಲಿಸ್ಟಿಗೆ ಸೇರಿಸುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ಹಣ ಬರುವುದು ನೇರವಾಗಿ ನಿಮ್ಮ ಖಾತೆಗೆ, ಅದೂ ಪಾಯ, ಗೋಡೆ, ಛಾವಣಿ ಅಂತ ಹಂತ ಹಂತವಾಗಿ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಬೇಕು. ಫೋಟೊ ತೆಗೆಯಲು ಬರುವ ದಿನ ಕೂಲಿ ಬಿಟ್ಟಾದರೂ ಜಾಗದಲ್ಲಿರಿ, ಆವತ್ತು ತಪ್ಪಿದರೆ ಮುಂದಿನ ಕಂತು ತಡವಾಗುತ್ತದೆ, ಮಳೆಗಾಲಕ್ಕೆ ಗೋಡೆ ಬಯಲಲ್ಲೇ ನಿಂತುಬಿಡುತ್ತದೆ.