ಅಂಗನವಾಡಿಲಿ ಆಟ ಆಡಿಸ್ತಾನೇ ಕಲಿಸೋದು – ನನ್ನ ಅನುಭವ

ಜೂನ್‌ನಲ್ಲಿ ಹೊಸ ಮಕ್ಳು ಸೇರೋ ಟೈಮಲ್ಲಿ ಅಪ್ಪ ಅಮ್ಮಂದಿರು ಮೊದ್ಲು ಕೇಳೋದೇ "ಮಿಸ್, ಏನೇನ್ ಬರೆಸ್ತೀರಾ?" ಅಂತ. ಊರಿಗೆ ಕಾನ್ವೆಂಟ್ ವ್ಯಾನ್ ಬರತ್ತೆ, ಅದ್ರಲ್ಲಿ ಹೋಗೋ ಎಲ್‌ಕೆಜಿ ಮಗು ಸಂಜೆ ಕೂತು ಎರಡು ಪೇಜು ಎಬಿಸಿಡಿ ಹೋಮ್‌ವರ್ಕ್ ಬರೆಯತ್ತೆ, ನಮ್ಮಲ್ಲಿ ನೋಡಿದ್ರೆ ಅದೇ ವಯಸ್ಸಿನ ಮಕ್ಳು ಹುಣಸೆಬೀಜ ಹರಡ್ಕೊಂಡು ಕೂತಿರ್ತವೆ. ನಮ್ ಮಗು ಹಿಂದೆ ಬಿದ್ಬಿಡತ್ತೇನೋ ಅನ್ನೋ ಸಂಕಟ ಅವ್ರಿಗೆ. ಅದು ನಂಗೆ ಚೆನ್ನಾಗಿ ಅರ್ಥ ಆಗತ್ತೆ. ಆದ್ರೂ ಮೂರು ವರ್ಷದ ಮಗು ಕೈಗೆ ಪೆನ್ಸಿಲ್ ಕೊಟ್ಟು ತಿದ್ದು ಅಂತ ನಾನು ಕೂರಿಸಲ್ಲ. ಅದ್ರ ಬದ್ಲು ಏನ್ ಮಾಡ್ತೀನಿ, ಮಕ್ಳು ಅದ್ರಿಂದ ಏನ್ ಕಲಿತಾರೆ ಅಂತ ಒಂದ್ಸಲ ಬಿಡಿಸಿ ಬರೀಬೇಕು ಅನ್ನಿಸ್ತು.

ನಾನಿರೋದು ಮೈಸೂರು ಜಿಲ್ಲೆ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ 33 ಕಡೆ ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸೋ ಸರ್ಕಾರದ ಯೋಜನೆ, ಶುರುವಾದಾಗ ಕರ್ನಾಟಕಕ್ಕೆ ಸಿಕ್ಕಿದ್ದು ನಮ್ಮ ಜಿಲ್ಲೆಯ ಟಿ. ನರಸೀಪುರ, ಅದು ನಮಗೆಲ್ಲ ಹೆಮ್ಮೆ. ಆದ್ರೆ ಜನ ಇವತ್ತಿಗೂ ಅಂಗನವಾಡಿ ಅಂದ್ರೆ ಹಾಲು, ಮೊಟ್ಟೆ, ಪೌಷ್ಟಿಕ ಆಹಾರದ ಪ್ಯಾಕೆಟ್, ಚುಚ್ಚುಮದ್ದು ಇಷ್ಟೇ ಅಂದ್ಕೊಂಡಿದ್ದಾರೆ. ಶಾಲಾಪೂರ್ವ ಶಿಕ್ಷಣ ಮೊದಲಿಂದ್ಲೂ ಅದ್ರಲ್ಲಿ ಇದೆ.

ಹುಣಸೆಬೀಜದಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ನನ್ನ ಕೇಂದ್ರದಲ್ಲಿ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಸಾಮಾನು ಇನ್ನೊಂದಿಲ್ಲ. ನಾಲ್ಕು ವರ್ಷದ ಒಬ್ಬ ಹುಡುಗ ಮನೇಲಿ ಕಲಿತು ಇಪ್ಪತ್ತರವರೆಗೆ ಗಡಗಡ ಅಂತ ಹೇಳ್ತಿದ್ದ, ಅವರಮ್ಮನಿಗೆ ಅದು ದೊಡ್ಡ ಖುಷಿ. ಒಂದಿನ ಅವನ ಮುಂದೆ ಏಳು ಬೀಜ ಇಟ್ಟು ಎಣ್ಸಪ್ಪ ಅಂದೆ. ಬಾಯಿ ಮುಂದೆ ಮುಂದೆ ಓಡ್ತಿದೆ, ಬೆರಳು ಹಿಂದೆ ಉಳಿತಿದೆ, ಒಂದು ಬೀಜನ ಎರಡು ಸಲ ಮುಟ್ಟಿದ, ಕೊನೆಗೆ ಒಂಬತ್ತು ಅಂದ. ಸರಿ, ಹಾಗಾದ್ರೆ ಎಷ್ಟಿದೆ ಅಂತ ಕೇಳಿದ್ರೆ ಉತ್ತರ ಹೇಳ್ಲಿಲ್ಲ, ಮತ್ತೆ ಒಂದು ಎರಡು ಅಂತ ಮೊದಲಿಂದ ಶುರು ಮಾಡ್ದ. ಅಂದ್ರೆ ಅವನಿಗೆ ಅದು ಪದ್ಯ ಇದ್ದಂಗೆ, ಬಾಯಿಪಾಠ. ಕೊನೇಲಿ ಹೇಳಿದ ಸಂಖ್ಯೆನೇ ಒಟ್ಟು ಅಂತ ಇನ್ನೂ ತಲೇಲಿ ಕೂತಿಲ್ಲ. ತಪ್ಪು ಅಂತ ನಾನು ಹೇಳ್ಲಿಲ್ಲ. ಮೊಟ್ಟೆ ಬರೋ ಟ್ರೇ ಇರತ್ತಲ್ಲ, ಮೂವತ್ತು ಗುಳಿದು, ಅದನ್ನ ಕೊಟ್ಟು ಒಂದೊಂದು ಗೂಡಿಗೆ ಒಂದೊಂದೇ ಬೀಜ ಹಾಕು, ಕೋಳಿ ಮೊಟ್ಟೆ ಇಟ್ಟಂಗೆ ಅಂದೆ. ಒಂದು ಗುಳಿಗೆ ಒಂದೇ ಬೀಜ, ಒಂದು ಬೀಜಕ್ಕೆ ಒಂದೇ ಸಂಖ್ಯೆ. ಆ ಆಟ ಅವನಿಗೆ ಎಷ್ಟು ಹಿಡಿಸ್ತು ಅಂದ್ರೆ ದಿನಾ ಬಂದವನೇ ಟ್ರೇ ಕೇಳ್ತಿದ್ದ. ಊಟದ ಟೈಮಲ್ಲಿ ತಟ್ಟೆ ಹಂಚೋ ಕೆಲ್ಸನೂ ಅವನಿಗೇ ಕೊಟ್ಟೆ, ಒಬ್ಬರಿಗೆ ಒಂದು ತಟ್ಟೆ, ಅದೂ ಅದೇ ಲೆಕ್ಕ ಅಲ್ವಾ. ಆಮೇಲಾಮೇಲೆ "ಮಿಸ್, ಇನ್ನೂ ಎರಡು ತಟ್ಟೆ ಬೇಕು" ಅಂತ ಅವನೇ ಬಂದು ಹೇಳೋಕೆ ಶುರು ಮಾಡ್ದ. ಇಪ್ಪತ್ತರವರೆಗೆ ಗಡಗಡ ಹೇಳೋದಕ್ಕಿಂತ ಈ ಒಂದು ಮಾತು ನಂಗೆ ಎಷ್ಟೋ ದೊಡ್ಡದು.

ಇನ್ನೊಂದು ನೋಡಿ. ಐದು ಬೀಜ ಒತ್ತೊತ್ತಾಗಿ ಒಂದು ಸಾಲು, ಅದ್ರ ಕೆಳಗೆ ಇನ್ನೈದು ಬೀಜ ದೂರ ದೂರ ಇಟ್ಟು ಯಾವ್ದ್ರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಹೆಚ್ಚಿನ ಮಕ್ಳು ಉದ್ದದ ಸಾಲನ್ನೇ ತೋರಿಸ್ತವೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಅನ್ನೋರು ಮಕ್ಳ ಹತ್ರ ಹಿಂಗೇ ಸಾಲು ಜೋಡ್ಸಿ ಕೇಳಿ ನೋಡಿದ್ರು ಅಂತ ಟ್ರೈನಿಂಗಲ್ಲಿ ಹೇಳಿದ್ರು, ನಮ್ಮೂರ ಮಕ್ಳೂ ಥೇಟ್ ಹಂಗೇ ಹೇಳ್ತಾರೆ. ಅದನ್ನ ಬಾಯಲ್ಲಿ ಎಷ್ಟು ವಿವರಿಸಿದ್ರೂ ಮಗು ಒಪ್ಪಲ್ಲ, ಅದು ಕೈಯಲ್ಲಿ ಜೋಡ್ಸಿ ಎತ್ತಿ ಇಟ್ಟು ಆಡ್ತಾ ಆಡ್ತಾ ತಾನಾಗೇ ಬರಬೇಕು, ಬರತ್ತೆ.

ಒಂದು ಮಾತು, ಚಿಕ್ಕ ಮಕ್ಳು ಬೀಜನ ಮೂಗಿಗೆ ಕಿವಿಗೆ ತುರುಕ್ಕೊಳ್ತವೆ. ಅದಕ್ಕೆ ಮೂರು ವರ್ಷದವ್ರಿಗೆ ತೆಂಗಿನ ಚಿಪ್ಪು, ದಪ್ಪ ಮರದ ತುಂಡು ಇಂಥವು ಮಾತ್ರ. ಹುಣಸೆಬೀಜ ದೊಡ್ಡವ್ರಿಗೆ, ಅದೂ ನನ್ನ ಕಣ್ಣೆದುರೇ, ಆಟ ಮುಗಿದ ಮೇಲೆ ಡಬ್ಬಿ ಮೇಲಿನ ಶೆಲ್ಫಿಗೆ.

ಬರೆಯೋದು ಹೆಂಗೆ ಬರತ್ತೆ ಅನ್ನೋದು ಎಲ್ರ ಪ್ರಶ್ನೆ. ನನ್ನ ಮಟ್ಟಿಗೆ ಅದು ಅಂಗಡಿ ಆಟದಿಂದ ಬಂತು. ಖಾಲಿ ಟೀ ಪುಡಿ ಪ್ಯಾಕೆಟ್, ಸೋಪಿನ ಕವರ್, ಎಣ್ಣೆ ಪ್ಯಾಕೆಟ್ ತೊಳೆದಿದ್ದು, ಎರಡು ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಮಾಡಿದ ತಕ್ಕಡಿ, ಇಷ್ಟೇ ಬಂಡವಾಳ. ಒಬ್ಬ ಅಂಗಡಿ ಅಣ್ಣ, ಉಳಿದವ್ರೆಲ್ಲ ಗಿರಾಕಿ. ಈಗಿನ ಮಕ್ಳು ದುಡ್ಡು ಎಣಿಸೋದೂ ಆಡ್ತವೆ, ಮರದ ತುಂಡು ತಂದು ಫೋನ್ ಥರ ಹಿಡಿದು ಸ್ಕ್ಯಾನೂ ಮಾಡ್ತವೆ, ಪಕ್ಕದಲ್ಲಿ ಕೂತಿರೋ ಮಗು ಅಂಗಡೀಲಿ ದುಡ್ಡು ಬಂತು ಅಂತ ಕೂಗೋ ಪೆಟ್ಟಿಗೆ ಧ್ವನಿಲೇ "ಐವತ್ತು ರೂಪಾಯಿ ಬಂದಿದೆ" ಅನ್ನತ್ತೆ. ಅಕ್ಷರ ಒಂದೂ ಬರದ ಮಗು ಯಾವ ಕವರು ಯಾವ ಸೋಪು ಅಂತ ತಪ್ಪದೆ ಹೇಳತ್ತೆ. ಅದೂ ಓದೋದೇ ರೀ, ಓದಿನ ಮೊದಲ ಮೆಟ್ಟಿಲು.

ಒಂದಿನ ಆ ಅಂಗಡಿ ಪಕ್ಕ ಒಂದು ಹಳೇ ನೋಟ್‌ಬುಕ್ಕು, ಕ್ರೆಯಾನ್ ತುಂಡು ಇಟ್ಟು ಸುಮ್ನಿದ್ದೆ. ಯಾರಿಗೂ ಏನೂ ಹೇಳ್ಲಿಲ್ಲ. ನಾಲ್ಕೂವರೆ ವರ್ಷದ ಒಬ್ಳು ಬಂದು ಅದನ್ನ ಎತ್ಕೊಂಡು ಎಡದಿಂದ ಬಲಕ್ಕೆ ಸೊಟ್ಟಸೊಟ್ಟ ಗೆರೆ ಎಳೆದ್ಲು, ಒಂದ್ರ ಕೆಳಗೆ ಒಂದು, ನಾಲ್ಕು ಸಾಲು. ಏನವ್ವ ಬರ್ದಿದೀಯ ಅಂದೆ. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ್ಲು, "ಸಕ್ಕರೆ, ಸೋಪು, ಬೇಳೆ, ಅಜ್ಜಿಗೆ ಎಲೆಅಡಿಕೆ. ಸಾಲ." ನೋಡಿ, ಬರವಣಿಗೆ ಯಾಕಿದೆ ಅಂತ ಆ ಮಗುಗೆ ಪೂರ್ತಿ ಗೊತ್ತು. ಮಾತನ್ನ ಹಾಳೆ ಮೇಲೆ ಇಡಬಹುದು, ಆಮೇಲೆ ಅದನ್ನ ವಾಪಸ್ ಓದಬಹುದು, ಎಡದಿಂದ ಬಲಕ್ಕೆ ಹೋಗತ್ತೆ, ಸಾಲಿನ ಕೆಳಗೆ ಸಾಲು ಬರತ್ತೆ. ಬಾಕಿ ಇರೋದು ಅಕ್ಷರದ ಆಕಾರ ಮಾತ್ರ. ಸ್ವಲ್ಪ ದಿನ ಬಿಟ್ಟು ಅವಳೇ ಬಂದು ಸಾಲದ ಬುಕ್ಕಲ್ಲಿ ನನ್ನ ಹೆಸ್ರು ಹೆಂಗ್ ಬರೀಬೇಕು ಮಿಸ್ ಅಂತ ಕೇಳಿದ್ಲು. ನಾನು ಕಾಯ್ತಾ ಇದ್ದಿದ್ದೇ ಆ ಪ್ರಶ್ನೆಗೆ, ಅವತ್ತೇ ತೋರಿಸಿಕೊಟ್ಟೆ.

ಆಕಾರ ಬರೋಕೆ ಬೆರಳಲ್ಲಿ ಶಕ್ತಿ ಬೇಕು. ಮೂರು ವರ್ಷದ ಮಗು ಪೆನ್ಸಿಲ್‌ನ ಮುಷ್ಟಿಲಿ ಹಿಡಿಯತ್ತೆ, ಭುಜದಿಂದ ಕೈ ಆಡ್ಸತ್ತೆ. ಹೆಬ್ಬೆರಳು ತೋರುಬೆರಳು ಸೇರಿ ಕೆಲ್ಸ ಮಾಡೋದು ರೂಢಿ ಆಗ್ಬೇಕು. ಅದಕ್ಕೆ ಜೇಡಿಮಣ್ಣಲ್ಲಿ ಉಂಡೆ, ಹಾವು ಮಾಡಿಸ್ತೀನಿ, ಬಟ್ಟೆ ಕ್ಲಿಪ್ಪು ಹಗ್ಗಕ್ಕೆ ಹಾಕಿ ತೆಗೆಯೋ ಆಟ ಆಡಿಸ್ತೀನಿ, ಮಣ್ಣಲ್ಲಿ ಬೆರಳಲ್ಲೇ ರಂಗೋಲಿ. ಡಿಸೆಂಬರ್ ಜನವರಿಲಿ ಅವರೆಕಾಯಿ ಸೀಸನ್ ಬಂದ್ರೆ ನಂಗಂತೂ ಹಬ್ಬ. ಕಾಯಿ ಸುಲಿಯೋದು, ನೆನೆಹಾಕಿದ ಕಾಳನ್ನ ಎರಡು ಬೆರಳಲ್ಲಿ ಹಿತುಕಿದ್ರೆ ಬೇಳೆ ಪುಳಕ್ ಅಂತ ಹಾರತ್ತೆ, ಮಕ್ಳು ಬಿದ್ದು ಬಿದ್ದು ನಗ್ತವೆ, ಯಾರದ್ದು ದೂರ ಹಾರ್ತು ಅಂತ ಪೈಪೋಟಿ. ನಮ್ಮ ಸಹಾಯಕಿ ಅಕ್ಕ ಮೊದ್ಲು "ಕಾಳೆಲ್ಲ ಹಾಳು ಮಾಡ್ತಾವೆ ಮೇಡಂ" ಅಂತಿದ್ರು, ಈಗ ಅವ್ರೇ ಬಟ್ಟಲು ತುಂಬಿ ತಂದು ಮಧ್ಯದಲ್ಲಿ ಇಡ್ತಾರೆ. ಬೆರಳಿಗೆ ಇದಕ್ಕಿಂತ ಒಳ್ಳೇ ತಯಾರಿ ಯಾವ ಕಾಪಿ ಬುಕ್ಕಲ್ಲೂ ಇಲ್ಲ. ನಮ್ಮ ಕನ್ನಡ ಅಕ್ಷರ ಎಲ್ಲ ದುಂಡು ದುಂಡು, ತಿರುವು ಜಾಸ್ತಿ, ಕೈ ಪಳಗದೆ ಬರೆಸೋಕೆ ಹೋದ್ರೆ ಮಗುಗೂ ಅಳು, ಅಮ್ಮಂಗೂ ಸಿಟ್ಟು.

ಒಂದೇ ರೂಮಲ್ಲಿ ಮೂರರಿಂದ ಆರು ವರ್ಷದವ್ರೆಲ್ಲ ಇರ್ತಾರೆ, ಅದು ಕಷ್ಟ ಅಂತ ಎಲ್ರೂ ಹೇಳ್ತಾರೆ. ನಂಗೆ ಅದು ವರ. ದೊಡ್ಡ ಮಗು ಅಂಗಡಿ ನಡ್ಸೋದನ್ನ ಚಿಕ್ಕದು ನೋಡಿ ಕಲಿಯತ್ತೆ, ದೊಡ್ಡದು ಚಿಕ್ಕದಕ್ಕೆ ಹೇಳ್ಕೊಡ್ತಾ ತಾನೂ ಗಟ್ಟಿ ಆಗತ್ತೆ. ಮನೇಲಿ ಲಂಬಾಣಿ ಮಾತಾಡೋ ಒಂದು ಮಗು ಬಂದ ಹೊಸದ್ರಲ್ಲಿ ಬಾಯೇ ಬಿಡ್ತಿರ್ಲಿಲ್ಲ, ನಾನು ಮಾತಾಡ್ಸಿದ್ರೆ ತಲೆ ತಗ್ಗಿಸ್ತಿತ್ತು. ಅಂಗಡಿ ಆಟದಲ್ಲಿ "ಕೊಡಿ", "ಎಷ್ಟು", "ಬೇಡ" ಅಂತ ಒಂದೊಂದೇ ಮಾತು ಬಂತು, ಬೇರೆ ಮಕ್ಳೂ ಅವಳ ಮಾತಲ್ಲಿ ಎರಡು ಮೂರು ಪದ ಕಲಿತ್ರು. ನಾನು ಎದುರಿಗೆ ಕೂರಿಸ್ಕೊಂಡು ಹೇಳು ಹೇಳು ಅಂದಿದ್ರೆ ಅದು ಇನ್ನೂ ಮುದುರ್ಕೊಳ್ತಿತ್ತು.

ಚುಚ್ಚುಮದ್ದು ದಿನದ ಮಾರನೇ ದಿನ ನೀವು ಬಂದು ನೋಡ್ಬೇಕು. ಎಲ್ಲಾ ಮಕ್ಳೂ ಸಿಸ್ಟರ್, ಎಲ್ಲಾ ಗೊಂಬೆಗಳಿಗೂ ಸೂಜಿ. ಹಿಂದಿನ ದಿನ ಜೋರಾಗಿ ಅತ್ತಿದ್ದ ಮಗುನೇ ಗೊಂಬೆ ತೊಡೆ ಉಜ್ಜಿ "ಏನಾಗಲ್ಲ ಬಂಗಾರ, ಆಯ್ತು ಆಯ್ತು" ಅಂತ ಸಮಾಧಾನ ಮಾಡತ್ತೆ. ಅವತ್ತು ನಾನು ಬೇರೆ ಯಾವ ಚಟುವಟಿಕೆನೂ ಇಟ್ಕೊಳ್ಳಲ್ಲ. ಹೆದರಿಕೆ ಒಳಗಿಂದ ಹೋಗ್ಬೇಕಲ್ಲ, ಅದೇ ಆವತ್ತಿನ ಪಾಠ.

ಹಂಗಂತ ಆಟಕ್ಕೆ ಬಿಟ್ಟು ಮೇಡಂ ಮೊಬೈಲ್ ನೋಡ್ತಾ ಕೂರೋದಲ್ಲ. ಬೆಳಿಗ್ಗೆ ಯಾವ ಮೂಲೇಲಿ ಏನಿಡ್ಬೇಕು ಅಂತ ಯೋಚ್ನೆ ಮಾಡಿ ಇಡ್ತೀನಿ. ಆಡೋವಾಗ ಹತ್ರ ಕೂತು ನೋಡ್ತೀನಿ, ಎಲ್ಲಾದ್ರೂ ನಿಂತ್ರೆ ಒಂದೇ ಒಂದು ಪ್ರಶ್ನೆ ಕೇಳಿ ಸರಿತೀನಿ. ನೀರಾಟದಲ್ಲಿ ಕಲ್ಲು ಮುಳುಗ್ತು, ಅದಕ್ಕಿಂತ ದೊಡ್ಡ ತೆಂಗಿನಕಾಯಿ ಯಾಕೆ ತೇಲ್ತು? ಅಷ್ಟೇ. ಉತ್ತರ ಹೇಳಲ್ಲ. ರೆಕಾರ್ಡ್, ಪೋಷಣ್ ಟ್ರ್ಯಾಕರ್ ಅನ್ನೋ ಮೊಬೈಲ್ ಆ್ಯಪ್, ಸರ್ವೆ ಎಲ್ಲದ್ರ ಮಧ್ಯೆ ಈ ಗಮನ ಕೊಡೋದು ತುಂಬಾ ಕಷ್ಟ, ಅದನ್ನ ಮುಚ್ಚಿಡೋಕಾಗಲ್ಲ, ಮೇಲಿನವ್ರೂ ಇದನ್ನ ತಿಳ್ಕೊಂಡ್ರೆ ಒಳ್ಳೇದು.

ನಾವು ಮಾಡ್ತಿರೋದು ಹೊಸದೇನಲ್ಲ. ಜರ್ಮನಿಲಿ 1837ರಲ್ಲೇ ಫ್ರೋಬೆಲ್ ಅನ್ನೋ ಶಿಕ್ಷಣತಜ್ಞರು ಮಕ್ಳ ಆಟ ಇಟ್ಕೊಂಡೇ ಕಿಂಡರ್‌ಗಾರ್ಟನ್ ಶುರು ಮಾಡಿದ್ರು, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಅನ್ನೋ ಶಿಕ್ಷಣತಜ್ಞರು 1920ರಲ್ಲಿ ಬಾಲಮಂದಿರ ಅನ್ನೋ ಚಿಕ್ಕ ಮಕ್ಳ ಶಾಲೆ ಶುರು ಮಾಡಿದ್ರು. 2020ರ ಶಿಕ್ಷಣ ನೀತಿನೂ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕನೇ ಕಲಿಕೆ ಅಂತ ಹೇಳತ್ತೆ. ನಮ್ಮ ಜಿಲ್ಲೆ ಎಚ್.ಡಿ. ಕೋಟೆಲಿ 1995ರಲ್ಲಿ ಶುರುವಾದ ನಲಿಕಲಿ ಅನ್ನೋ ಆಡ್ತಾ ಕಲಿಯೋ ಪದ್ಧತಿ ಸರ್ಕಾರಿ ಶಾಲೆಗಳಿಗೆಲ್ಲ ಹೋಯ್ತಲ್ಲ, ಅದೂ ಇದೇ ದಾರಿ. ನಮ್ಮ ಮಕ್ಳು ಒಂದನೇ ಕ್ಲಾಸಿಗೆ ಹೋದಾಗ ಅಲ್ಲಿನ ಕಾರ್ಡು, ಗುಂಪು ಯಾವ್ದೂ ಅವ್ರಿಗೆ ಹೊಸದು ಅನ್ಸಲ್ಲ.

ಅಪ್ಪ ಅಮ್ಮಂದಿರನ್ನ ಒಪ್ಸಿದ್ದು ಹೆಂಗೆ ಅಂತ ಬೇರೆ ಕಾರ್ಯಕರ್ತೆಯರು ಕೇಳ್ತಾರೆ. ಭಾಷಣ ಮಾಡ್ಬೇಡಿ. ಬಾಲವಿಕಾಸ ಸಮಿತಿ ಸಭೆಗೆ ಬಂದಾಗ ಅವ್ರನ್ನೇ ಮಕ್ಳ ಪಕ್ಕ ಕೆಳಗೆ ಕೂರ್ಸಿ ಆಡ್ಸಿ. ಆ ಸಾಲದ ಬುಕ್ಕು, ಮಗು ಮೊದ್ಲು ಗೀಚಿದ ಹಾಳೆ, ಎರಡು ತಿಂಗಳ ಮೇಲಿನ ಹಾಳೆ ಎಲ್ಲಾ ಎತ್ತಿಟ್ಟು ಪಕ್ಕಪಕ್ಕ ತೋರ್ಸಿ. ಹಾಳೆ ಹಿಂದೆ ತಾರೀಖು ಹಾಕೋದು ಮಾತ್ರ ಮರೀಬೇಡಿ. ಮನೇಲಿ ಏನ್ ಮಾಡಿಸ್ಲಿ ಅಂತ ಕೇಳೋ ಅಮ್ಮಂದಿರಿಗೆ ನಾನು ಹೇಳೋದು, ಸಂಜೆ ಸೊಪ್ಪು ಬಿಡಿಸೋವಾಗ ಮಗುನ ಪಕ್ಕ ಕೂರಿಸ್ಕೊಳ್ಳಿ, ದಂಟು ಒಂದು ಕಡೆ ಎಲೆ ಒಂದು ಕಡೆ ಹಾಕ್ಲಿ, ಮಾತಾಡ್ತಾ ಇರಿ, ಬೆಳಿಗ್ಗೆ ಅದೇ ಬಂದು ನನ್ ಹತ್ರ ಏನ್ ಮಾಡ್ದೆ ಅಂತ ಹೇಳತ್ತೆ.